ಹಳೆಯ ಬರವಣಿಗೆ ಕೈಪಿಡಿ ಪಕ್ಕದಲ್ಲಿಟ್ಟುಕೊಂಡು ಇಂದಿನ ಬರಹ ತಿದ್ದುವ ಬಗೆ

ಕೊಡಗಿನಲ್ಲಿ ಕನ್ನಡದಲ್ಲಿ ಬರೆಯಬೇಕಾದ ಸಂದರ್ಭಗಳಿಗೆ ಕೊರತೆಯಿಲ್ಲ. ಆನೆ ತೋಟಕ್ಕೆ ಬಂದರೆ ಅರಣ್ಯ ಇಲಾಖೆಗೆ ಅರ್ಜಿ, ಸಹಕಾರ ಸಂಘದ ಮಹಾಸಭೆಗೆ ವರದಿ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಸ್ಮರಣ ಸಂಚಿಕೆ, ಒಕ್ಕದ (ಕೊಡವ ಮನೆತನದ) ಚರಿತ್ರೆ, ಪತ್ರಿಕೆಗೊಂದು ಲೇಖನ. ಆದರೆ ಮನೆಯಲ್ಲಿ ಆಡುವ ಮಾತು ಹಲವರಿಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಅಥವಾ ಯರವ ಭಾಷೆ. ಬರೆಯುವ ಕನ್ನಡ ಶಾಲೆಯಲ್ಲಿ ಕಲಿತದ್ದು. ಶಾಲೆ ಬಿಟ್ಟ ಮೇಲೆ ಅದನ್ನು ತಿದ್ದುವವರು ಯಾರೂ ಇರುವುದಿಲ್ಲ. ಹಳೆಯ ವ್ಯಾಕರಣ, ಪ್ರಬಂಧ ರಚನೆ, ಪತ್ರಲೇಖನದ ಪುಸ್ತಕಗಳು ಆ ಮೇಷ್ಟರ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಒಂದು ಮಾತು ಮಾತ್ರ ಮೊದಲೇ ತಿಳಿದಿರಬೇಕು: ಅವನ್ನು ಕಾದಂಬರಿಯ ಹಾಗೆ ಮೊದಲ ಪುಟದಿಂದ ಕೊನೆಯವರೆಗೆ ಓದಿದರೆ ಬರಹ ಎಳ್ಳಷ್ಟೂ ಸುಧಾರಿಸದು. ನೀವೇ ಬರೆದ ಒಂದು ಪುಟವನ್ನು ಪಕ್ಕದಲ್ಲಿಟ್ಟುಕೊಂಡು, ಒಂದು ನಿಯಮ ಓದಿ, ಅದನ್ನು ಆ ಪುಟದ ಮೇಲೆ ಪ್ರಯೋಗಿಸಿ ನೋಡಬೇಕು.

ಯಾವ ಪುಸ್ತಕ, ಯಾವುದು ಮೊದಲು

ಉತ್ಸಾಹದಲ್ಲಿ ಹಲವರು ನೇರವಾಗಿ ಕೇಶಿರಾಜನ ‘ಶಬ್ದಮಣಿದರ್ಪಣ’ಕ್ಕೆ ಕೈಹಾಕಿ, ಸಂಧಿ ಪ್ರಕರಣ ಮುಗಿಯುವ ಮೊದಲೇ ಕೈಬಿಡುತ್ತಾರೆ. ಅದು 13ನೇ ಶತಮಾನದ ಹಳಗನ್ನಡ ವ್ಯಾಕರಣ; ಸೂತ್ರಗಳೆಲ್ಲ ಕಂದಪದ್ಯದಲ್ಲಿವೆ. ಮೊದಲ ಮೆಟ್ಟಿಲು ಅದಲ್ಲ. ಹೊಸಗನ್ನಡದಲ್ಲಿ ವಿವರಿಸುವ ವ್ಯಾಕರಣದಿಂದ ಶುರುಮಾಡಿ. ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಇಂದಿಗೂ ಒಳ್ಳೆಯ ಆಯ್ಕೆ. ಅದರ ಜೊತೆಗೆ ಒಂದು ನಿಘಂಟು ಬೇಕು. ಕಿಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟು ಅಂತರ್ಜಾಲದಲ್ಲಿ ಸಿಗುತ್ತದೆ. ಗಾದೆ, ನುಡಿಗಟ್ಟುಗಳ ಬಳಕೆಯನ್ನೂ ತೋರಿಸುವುದರಿಂದ ಬರೆಯುವವರಿಗೆ ತುಂಬ ಉಪಯೋಗ. ಮೂರನೆಯದಾಗಿ, ಮನೆಯ ಅಟ್ಟದಲ್ಲೋ ಊರಿನ ಗ್ರಂಥಾಲಯದಲ್ಲೋ ಸಿಗುವ ಯಾವುದಾದರೂ ಹಳೆಯ ಪ್ರಬಂಧ ಅಥವಾ ಪತ್ರಲೇಖನದ ಪುಸ್ತಕ. ಮೂರು ಸಾಕು. ಏಳೆಂಟು ಗುಡ್ಡೆಹಾಕಿಕೊಂಡರೆ ಪುಸ್ತಕ ಹೋಲಿಸುವುದರಲ್ಲೇ ದಿನ ಕಳೆಯುತ್ತದೆ.

ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಅದು ಮುಗಿದ ಪುಸ್ತಕಗಳ ಸ್ಕ್ಯಾನ್ ಪ್ರತಿಯನ್ನು ಇಳಿಸಿಕೊಂಡು ಬಳಸಲು ಯಾವ ಅಡ್ಡಿಯೂ ಇಲ್ಲ.

ಕೆಲಸಕ್ಕೆ ಕೂರುವ ಮೊದಲು: ನಿಮ್ಮದೇ ಒಂದು ಪುಟ

ಕಳೆದ ಆರು ತಿಂಗಳಲ್ಲಿ ನೀವು ನಿಜವಾದ ಕೆಲಸಕ್ಕಾಗಿ ಬರೆದ ಏನನ್ನಾದರೂ ತೆಗೆದುಕೊಳ್ಳಿ. ಅಭ್ಯಾಸಕ್ಕೆಂದೇ ಹೊಸದಾಗಿ ಬರೆಯಬೇಡಿ; ಹಾಗೆ ಬರೆಯುವಾಗ ಎಲ್ಲರೂ ಎಚ್ಚರದಿಂದ ಇರುತ್ತಾರೆ, ಸಹಜವಾಗಿ ಮಾಡುವ ತಪ್ಪು ಹೊರಗೆ ಬರುವುದಿಲ್ಲ. 250ರಿಂದ 300 ಪದ ಸಾಕು. ಅದನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೈಯಲ್ಲಿ ಬರೆದುಕೊಳ್ಳಿ, ಬಲಗಡೆ ನಾಲ್ಕು ಬೆರಳಗಲ ಅಂಚು ಬಿಡಿ. ಮೊಬೈಲಿನಲ್ಲಿ ತಿದ್ದಿದರೆ ಹಳೆಯ ರೂಪ ಅಳಿಸಿಹೋಗುತ್ತದೆ. ಏನನ್ನು ಏಕೆ ಬದಲಿಸಿದಿರಿ ಎಂಬುದು ಕಣ್ಣಿಗೆ ಕಾಣುತ್ತಿರಬೇಕು.

ದೋಷಗಳ ಪಟ್ಟಿಯೇ ತಿದ್ದುವ ಪಟ್ಟಿ

ಹಳಬರು ಬರವಣಿಗೆ ಕಲಿಸುವಾಗ ದೋಷದಿಂದ ಆರಂಭಿಸುತ್ತಿದ್ದರು. ಕ್ರಿ.ಶ. 850ರ ಸುಮಾರಿನ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ದೋಷ–ಅದೋಷಗಳ ನಿರ್ಣಯ. ಅದು ಆಧಾರವಾಗಿಟ್ಟುಕೊಂಡ ದಂಡಿಯ ಸಂಸ್ಕೃತ ಗ್ರಂಥ ‘ಕಾವ್ಯಾದರ್ಶ’ ಹತ್ತು ದೋಷಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಯತಿಭ್ರಷ್ಟ, ಭಿನ್ನವೃತ್ತ ಎಂಬ ಎರಡು ಛಂದಸ್ಸಿಗೆ ಸೇರಿದವು. ಗದ್ಯ ಬರೆಯುವವರಿಗೆ ಬೇಡ. ವಿಸಂಧಿ, ಅಂದರೆ ಸಂಧಿ ಮಾಡಬೇಕಾದಲ್ಲಿ ಮಾಡದಿರುವುದು, ಇಂದು ಅರ್ಧ ಮಾತ್ರ ಅನ್ವಯಿಸುತ್ತದೆ. ಉಳಿದ ಏಳು ಇಂದಿನ ಅರ್ಜಿಗೂ ವರದಿಗೂ ಅಕ್ಷರಶಃ ಹೊಂದುತ್ತವೆ:

ಅಪಾರ್ಥ: ಬಿಡಿ ಮಾತುಗಳಿಗೆ ಅರ್ಥವಿದೆ, ಒಟ್ಟಿಗೆ ಓದಿದರೆ ಏನೂ ಹೇಳುವುದಿಲ್ಲ.
ವ್ಯರ್ಥ: ಮೇಲೆ ಹೇಳಿದ್ದಕ್ಕೆ ಕೆಳಗೆ ಹೇಳಿದ್ದು ವಿರುದ್ಧ. ಇಂದು ‘ವ್ಯರ್ಥ’ವೆಂದರೆ ಉಪಯೋಗವಿಲ್ಲದ್ದು, ಇಲ್ಲಿ ಆ ಅರ್ಥವಲ್ಲ.
ಏಕಾರ್ಥ: ಹೇಳಿದ್ದನ್ನೇ ವಿಶೇಷವೇನೂ ಇಲ್ಲದೆ ಮತ್ತೆ ಹೇಳುವುದು.
ಸಸಂಶಯ: ಖಚಿತವಾಗಿರಬೇಕಾದ ಕಡೆ ಎರಡರ್ಥ.
ಅಪಕ್ರಮ: ಕ್ರಮ ತಪ್ಪಿರುವುದು.
ಶಬ್ದಹೀನ: ವ್ಯಾಕರಣಕ್ಕೆ ಒಪ್ಪದ ಪ್ರಯೋಗ.
ದೇಶ, ಕಾಲ, ಕಲೆ, ಲೋಕ, ನ್ಯಾಯ, ಆಗಮ ವಿರೋಧ: ಸ್ಥಳಕ್ಕೋ ಕಾಲಕ್ಕೋ ಲೋಕದ ತಿಳಿವಳಿಕೆಗೋ ಹೊಂದದ ಮಾತು.

ಕೊನೆಯದನ್ನು ಕಾವ್ಯದ ಮಾತೆಂದು ದಾಟಿಬಿಡಬೇಡಿ. ನಮ್ಮ ಜಿಲ್ಲೆಯ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚು ಕಾಣುವ ತಪ್ಪು ಇದೇ. ಆಗಸ್ಟಿನ ಮಳೆಯಲ್ಲಿ ಕಾಫಿ ಹೂವಿನ ಘಮ ಎಂದು ಬರೆದರೆ ಅದು ಕಾಲವಿರೋಧ. ಕಾಫಿ ಹೂ ಬಿಡುವುದು ಮಾರ್ಚ್–ಏಪ್ರಿಲ್‌ನ ಹೂಮಳೆಯ ನಂತರ. ರೊಬಸ್ಟಾ ಕಾಫಿಯ ಕೊಯ್ಲನ್ನು ನವೆಂಬರ್–ಡಿಸೆಂಬರ್‌ನ ಸುಗ್ಗಿಹಬ್ಬ ಪುತ್ತರಿಗಿಂತ ಮೊದಲೇ ಮುಗಿಸಿಬಿಟ್ಟರೆ ಅದೂ ಕಾಲವಿರೋಧ. ತಲಕಾವೇರಿಯನ್ನು ಮಡಿಕೇರಿ ಪಟ್ಟಣದೊಳಗೆ ತಂದಿಟ್ಟರೆ ದೇಶವಿರೋಧ. ಓದುಗರಲ್ಲಿ ಇದನ್ನು ಬಲ್ಲ ಒಬ್ಬರಿದ್ದರೆ ಸಾಕು, ಉಳಿದ ಬರಹದ ಮೇಲಿನ ನಂಬಿಕೆಯೂ ಹೋಗುತ್ತದೆ.

ಕೆಲಸದ ಕ್ರಮ ಹೀಗೆ. ಒಂದು ಸಲಕ್ಕೆ ಒಂದೇ ದೋಷ ಹುಡುಕಿ. ಪುಟವನ್ನು ಏಳು ಸಲ ಓದಬೇಕಾಗುತ್ತದೆ. ಒಂದೊಂದಕ್ಕೆ ಐದಾರು ನಿಮಿಷ. ಎಲ್ಲವನ್ನೂ ಒಟ್ಟಿಗೆ ಹುಡುಕಲು ಹೋದರೆ ಕಾಗುಣಿತದ ತಪ್ಪು ಮಾತ್ರ ಸಿಕ್ಕಿ, ದೊಡ್ಡವು ತಪ್ಪಿಸಿಕೊಳ್ಳುತ್ತವೆ. ಅಂಚಿನಲ್ಲಿ ದೋಷದ ಹೆಸರನ್ನಷ್ಟೇ ಬರೆಯಿರಿ, ಆಗಲೇ ತಿದ್ದಬೇಡಿ. ಏಳೂ ಮುಗಿದ ಮೇಲೆ ತಿದ್ದಿ. ಅಪಕ್ರಮ ಸರಿಮಾಡುವಾಗ ಎಷ್ಟೋ ವಾಕ್ಯಗಳು ತಾವಾಗಿಯೇ ಬಿದ್ದುಹೋಗುತ್ತವೆ. ಅವನ್ನು ಮೊದಲೇ ತಿದ್ದಿದ್ದರೆ ಆ ಶ್ರಮ ದಂಡ.

ಒಂದು ಅರ್ಜಿಯನ್ನು ತಿದ್ದಿ ನೋಡೋಣ

ಎಲ್ಲೆಡೆ ಕಾಣುವ ಧಾಟಿಯ ಒಂದು ವಾಕ್ಯ:

“ನಮ್ಮ ಗ್ರಾಮದಲ್ಲಿ ಕಾಡಾನೆಗಳ ಹಾವಳಿಯು ಅತ್ಯಂತ ಹೆಚ್ಚಾಗಿ ವಿಪರೀತವಾಗಿದ್ದು, ಕಾರ್ಮಿಕರು ಕೆಲಸಕ್ಕೆ ಬರಲು ಹೆದರುತ್ತಿದ್ದು, ಕಳೆದ ವಾರ ತೋಟಕ್ಕೆ ನುಗ್ಗಿ ಅಪಾರ ಹಾನಿ ಮಾಡಲಾಗಿದ್ದು, ಅವರನ್ನು ಓಡಿಸಲು ಹೋದವರು ಗಾಯಗೊಂಡಿದ್ದು, ಆದ್ದರಿಂದ ತಾವು ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರಲಾಗಿದೆ.”

ಏಕಾರ್ಥ: ‘ಅತ್ಯಂತ’, ‘ಹೆಚ್ಚಾಗಿ’, ‘ವಿಪರೀತ’ ಮೂರೂ ಒಂದೇ. ಅಪಕ್ರಮ: ಆನೆ ಬಂದದ್ದು ಮೊದಲು, ಕಾರ್ಮಿಕರು ಹೆದರಿದ್ದು ಆಮೇಲೆ, ಇಲ್ಲಿ ತಿರುಗುಮುರುಗು. ಸಸಂಶಯ: ‘ಅವರನ್ನು ಓಡಿಸಲು’ ಅಂದರೆ ಕಾರ್ಮಿಕರನ್ನೋ? ಆನೆಗಳಿಗೆ ‘ಅವು’ ಬರಬೇಕಿತ್ತು. ಶಬ್ದಹೀನ: ‘ನುಗ್ಗಿ ಹಾನಿ ಮಾಡಲಾಗಿದ್ದು’. ನುಗ್ಗಿದ್ದು ಆನೆ; ‘ಮಾಡಲಾಗಿದ್ದು’ ಎಂಬಲ್ಲಿ ಮಾಡಿದವರೇ ಇಲ್ಲ. ಇನ್ನು ‘ಅಪಾರ ಹಾನಿ’, ‘ಸೂಕ್ತ ಕ್ರಮ’ ಎರಡೂ ಅಪಾರ್ಥಕ್ಕೆ ಹತ್ತಿರ. ಅರ್ಜಿ ಓದಿದ ಅಧಿಕಾರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ.

ತಿದ್ದಿದ ಮೇಲೆ:

“ಕಳೆದ ಮಂಗಳವಾರ ರಾತ್ರಿ ಮೂರು ಕಾಡಾನೆಗಳು ನಮ್ಮ ತೋಟಕ್ಕೆ ನುಗ್ಗಿ 40 ಕಾಫಿ ಗಿಡ, ಎರಡು ಬೈನೆ ಮರ ಮುರಿದಿವೆ. ಬೆಳಿಗ್ಗೆ ಅವನ್ನು ಓಡಿಸಲು ಹೋದ ಇಬ್ಬರು ಕಾರ್ಮಿಕರು ಬಿದ್ದು ಗಾಯಗೊಂಡಿದ್ದಾರೆ. ಅಂದಿನಿಂದ ಯಾರೂ ಕೆಲಸಕ್ಕೆ ಬರುತ್ತಿಲ್ಲ. ತೋಟದ ಮೇಲ್ಗಡೆ ಆನೆ ಕಂದಕ ಕುಸಿದಿರುವ ಜಾಗವನ್ನು ಸರಿಪಡಿಸಿಕೊಡಬೇಕು, ಬೆಳೆ ನಷ್ಟದ ಮಹಜರು ನಡೆಸಬೇಕು ಎಂದು ಕೋರುತ್ತೇನೆ.”

ಪದಗಳ ಸಂಖ್ಯೆ ಕಡಿಮೆಯೇನೂ ಆಗಿಲ್ಲ, ಹೆಚ್ಚೇ ಆಗಿದೆ. ತಿದ್ದುವುದೆಂದರೆ ಕತ್ತರಿಸುವುದು ಮಾತ್ರವಲ್ಲ. ಏಕಾರ್ಥ ತೆಗೆದು ಉಳಿಸಿದ ಜಾಗದಲ್ಲಿ ದಿನ, ಸಂಖ್ಯೆ, ಸ್ಥಳ ಬಂದವು.

‘ದ್ದು’ ಸರಪಳಿ

ಮೇಲಿನ ವಾಕ್ಯದ ನಿಜವಾದ ರೋಗ ಈ ‘ದ್ದು’. ವರದಿಗಳಲ್ಲಿ ಐವತ್ತು ಅರುವತ್ತು ಪದಗಳ ವಾಕ್ಯವನ್ನು ‘ಇದ್ದು’, ‘ಆಗಿದ್ದು’, ‘ಬಂದಿದ್ದು’ ಎಂದು ಪೋಣಿಸುತ್ತ ಹೋಗುವುದು ಅಂಟುರೋಗದಂತೆ ಹಬ್ಬಿದೆ. ಹಳೆಯ ವ್ಯಾಕರಣದಲ್ಲಿ ‘ಕೃದಂತಾವ್ಯಯ’ ಎಂಬ ಭಾಗ ತೆರೆದು ಓದಿ. ಮಾಡಿ, ಹೋಗಿ, ನುಗ್ಗಿ, ಇದ್ದು: ಇವು ಮುಗಿಯದ ಕ್ರಿಯೆಗಳು, ಮುಂದಿನ ಕ್ರಿಯಾಪದಕ್ಕೆ ಒರಗಿ ನಿಲ್ಲುತ್ತವೆ. ಸಾಮಾನ್ಯವಾಗಿ ಎರಡಕ್ಕೂ ಕರ್ತೃ ಒಂದೇ ಇರಬೇಕು. ‘ಅವಳು ಗದ್ದೆಗೆ ಹೋಗಿ ನಾಟಿ ಮಾಡಿದಳು’ ಸರಿ. ‘ಅವಳು ಗದ್ದೆಗೆ ಹೋಗಿ ನಾಟಿ ಮಾಡಲಾಯಿತು’ ತಪ್ಪು. ‘ಮಳೆ ಬಂದು ಹೊಳೆ ತುಂಬಿತು’ ಎಂಬಲ್ಲಿ ಕರ್ತೃ ಬೇರೆ ಬೇರೆಯಾದರೂ ಸರಿ, ಏಕೆಂದರೆ ಒಂದರಿಂದಲೇ ಇನ್ನೊಂದು ಆಗಿದೆ. ಹೀಗೆ ಕಾರಣದ ನಂಟು ಇಲ್ಲದ ಕಡೆ ವಾಕ್ಯವನ್ನು ಮುರಿಯಿರಿ.

ಅಳತೆ ಬೇಕೆಂದರೆ: ಒಂದು ವಾಕ್ಯದಲ್ಲಿ ‘ದ್ದು’ ಒಂದೇ ಸಲ. ಎರಡನೆಯದು ಕಂಡಲ್ಲಿ ಪೂರ್ಣವಿರಾಮ ಹಾಕಿ ನೋಡಿ. ಹತ್ತರಲ್ಲಿ ಎಂಟು ಕಡೆ ಅದು ಸರಿಯಾಗಿಯೇ ಕೂರುತ್ತದೆ.

ಸೂತ್ರ, ವೃತ್ತಿ, ಪ್ರಯೋಗ: ನೋಟ್‌ಬುಕ್ ಇಡುವ ರೀತಿ

ಶಬ್ದಮಣಿದರ್ಪಣವನ್ನು ಮೊದಲೇ ಓದಬೇಡಿ ಎಂದೆವು. ಆದರೆ ಅದರ ಕಟ್ಟನ್ನು ಈಗಲೇ ಎರವಲು ಪಡೆಯಿರಿ. ಕೇಶಿರಾಜ ಪ್ರತಿ ನಿಯಮವನ್ನೂ ಮೂರು ಹೆಜ್ಜೆಯಲ್ಲಿ ಹೇಳುತ್ತಾನೆ. ಸೂತ್ರ: ನಿಯಮ. ವೃತ್ತಿ: ಅದರ ವಿವರಣೆ. ಪ್ರಯೋಗ: ಉದಾಹರಣೆ. ಅವನ ಉದಾಹರಣೆಗಳು ಹಿಂದಿನ ಕವಿಗಳ ಕಾವ್ಯದಿಂದ ಬಂದವು. ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರ ಮಾರ್ಗವೇ ತನಗೆ ಲಕ್ಷ್ಯ (ಉದಾಹರಣೆ) ಎಂದು ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಅಂದರೆ ಬಳಕೆ ಮೊದಲು, ನಿಯಮ ಆಮೇಲೆ.

200 ಪುಟದ ಒಂದು ನೋಟ್‌ಬುಕ್ ಸಾಕು. ಒಂದು ನಿಯಮಕ್ಕೆ ಎದುರುಬದುರಿನ ಎರಡು ಪುಟ. ಎಡಪುಟದ ಮೇಲೆ ಸೂತ್ರ, ಒಂದೇ ಸಾಲು. ಕೆಳಗೆ ವೃತ್ತಿ, ನಿಮ್ಮ ಮಾತಿನಲ್ಲಿ ಮೂರು ನಾಲ್ಕು ಸಾಲು. ಪುಸ್ತಕ ಮುಚ್ಚಿ ಬರೆಯಬೇಕು. ನಕಲು ಮಾಡಿದರೆ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬಲಪುಟದಲ್ಲಿ ಪ್ರಯೋಗ: ಒಳ್ಳೆಯ ಗದ್ಯದಿಂದ ಹುಡುಕಿದ ಮೂರು ವಾಕ್ಯ, ನಿಮ್ಮ ಬರಹದ ಮೂರು ತಪ್ಪು ವಾಕ್ಯ, ಅವುಗಳ ತಿದ್ದಿದ ರೂಪ. ವಾರಕ್ಕೆ ಒಂದು ನಿಯಮಕ್ಕಿಂತ ಹೆಚ್ಚು ಬೇಡ. ದಿನಕ್ಕೆ 20 ನಿಮಿಷದಂತೆ ವಾರಕ್ಕೆ ನಾಲ್ಕು ದಿನ ಕೂತರೆ ಬಲಪುಟ ತುಂಬುತ್ತದೆ. ತುಂಬದಿದ್ದರೆ ಆ ನಿಯಮ ನಿಮ್ಮ ಬರಹಕ್ಕೆ ಬೇಕಾದದ್ದಲ್ಲ, ಮುಂದಿನದಕ್ಕೆ ಹೋಗಿ.

ಯಾವ ನಿಯಮವನ್ನು ಬಿಡಬೇಕು

ಹಳೆಯ ಪುಸ್ತಕದ ಎಲ್ಲ ಮಾತೂ ಇಂದು ನಡೆಯುವುದಿಲ್ಲ. ಬಿಡುವ ಮೊದಲು ಅದನ್ನು ಏಕೆ ಹೇಳಿದ್ದರು ಎಂದು ತಿಳಿದುಕೊಂಡರೆ ಒಳ್ಳೆಯದು.

ಅರಿಸಮಾಸವನ್ನೇ ನೋಡಿ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಸಮಾಸದಲ್ಲಿ ಬೆಸೆಯಬಾರದು ಎಂಬುದು ನಿಯಮ. ಅಕ್ಷರಶಃ ಪಾಲಿಸಿದರೆ ‘ಮಳೆಹಾನಿ’, ‘ಬೆಳೆನಷ್ಟ’ ಎಂದೂ ಬರೆಯುವಂತಿಲ್ಲ. ಎರಡೂ ಇಂದು ಜನರ ಬಾಯಲ್ಲಿರುವ ಮಾತು. ಆದರೆ ಕವಿರಾಜಮಾರ್ಗ ಕೊಡುವ ಹೋಲಿಕೆ ಗಮನಿಸಿ: ತಿಳಿಯದೆ ಹೀಗೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎನ್ನುತ್ತದೆ. ಒಡೆಯುವುದು ಕಿವಿಗೆ ಗೊತ್ತಾಗುತ್ತದೆ ಎಂಬುದೇ ಅದರ ಸಾರ. ‘ಮಳೆಹಾನಿ’ ಒಡೆಯುವುದಿಲ್ಲ. ‘ಮರಚ್ಛೇದನ’ ಒಡೆಯುತ್ತದೆ, ‘ಮರ ಕಡಿಯುವುದು’ ಎಂದರೆ ಸಾಕು. ಗಟ್ಟಿಯಾಗಿ ಓದಿ ಕಿವಿಗೆ ಬಿಡಿ.

ಸಂಧಿಯೂ ಹೀಗೆಯೇ. ಮಾತಿನಲ್ಲಿ ಕೂಡಿಬರುವ ಕಡೆ ಕೂಡಿಸಿ ಬರೆಯಿರಿ: ‘ಊರಿಂದೂರಿಗೆ’, ‘ಮನೆಯಲ್ಲಿ’. ಓದುವಾಗ ಎಡವುವ ಕಡೆ ಬಿಡಿಸಿ. ಅಂಕಿತನಾಮಗಳನ್ನು, ಅದರಲ್ಲೂ ಕೊಡಗಿನ ಮನೆತನದ ಹೆಸರುಗಳನ್ನು, ಮುಂದಿನ ಪದದೊಂದಿಗೆ ಸಂಧಿ ಮಾಡದಿರುವುದೇ ಲೇಸು. ಹೆಸರಿನ ಕೊನೆಯ ಅಕ್ಷರ ಓದುಗರಿಗೆ ಸ್ಪಷ್ಟವಾಗಿರಬೇಕು.

ಹಳೆಯ ಪತ್ರಲೇಖನದ ಪುಸ್ತಕಗಳಲ್ಲಿ ‘ತೀರ್ಥರೂಪುರವರ ಪಾದಾರವಿಂದಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು, ಉಭಯಕುಶಲೋಪರಿ ಸಾಂಪ್ರತ’ ಎಂಬಂಥ ಆರಂಭ ಸಿಗುತ್ತದೆ. ಮಾತುಗಳನ್ನು ಬಿಡಿ, ಅವುಗಳ ಕ್ರಮ ಇಟ್ಟುಕೊಳ್ಳಿ. ಯಾರಿಗೆ, ಅವರಿಗೂ ನನಗೂ ಏನು ಸಂಬಂಧ, ಎಲ್ಲಿಂದ, ಯಾವ ದಿನ, ಆಮೇಲೆ ವಿಷಯ. ಇಂದಿನ ಅರ್ಜಿಯ ‘ಇಂದ, ಗೆ, ವಿಷಯ, ಉಲ್ಲೇಖ’ ಕೂಡ ಇದೇ ಎಲುಬುಗೂಡು. ಒಂದು ಪತ್ರಕ್ಕೆ ಒಂದೇ ವಿಷಯ. ರಸ್ತೆಯ ದೂರಿನಲ್ಲಿ ಬೀದಿದೀಪವನ್ನೂ ಸೇರಿಸಿದರೆ ಎರಡರಲ್ಲಿ ಒಂದು ಹಿಂದೆ ಬೀಳುತ್ತದೆ.

ಊರಿನ ಪದಗಳ ವಿಷಯದಲ್ಲಿ ಹಳೆಯ ಶಾಲಾ ಪುಸ್ತಕಗಳು ತುಸು ಬಿಗಿ. ‘ಗ್ರಾಮ್ಯ’ ಎಂದು ಹೊಡೆದುಹಾಕುತ್ತವೆ. ಅದನ್ನು ಒಪ್ಪಬೇಕಾಗಿಲ್ಲ. ಅವಕ್ಕಿಂತ ಸಾವಿರ ವರ್ಷ ಹಿಂದಿನ ಕವಿರಾಜಮಾರ್ಗವೇ ದೇಸಿ ಬೇರೆಬೇರೆಯಾಗಿರುವುದರಿಂದ ಕನ್ನಡಗಳ ದೋಷ ಇಷ್ಟೇ ಎಂದು ಲೆಕ್ಕ ಹಾಕಲು ವಾಸುಕಿಯೂ ಬೇಸತ್ತಾನು ಎಂದಿದೆ. ‘ಬಾಣೆ’ಗೆ ಬದಲು ‘ಹುಲ್ಲುಗಾವಲು’ ಎಂದು ಬರೆದರೆ ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಸೇರಿಬಂದ ಜಮೀನು ಎಂಬ ಅರ್ಥವೇ ಕಳೆದುಹೋಗುತ್ತದೆ. ಐನ್‌ಮನೆ (ಮನೆತನದ ಮೂಲಮನೆ), ಒಕ್ಕ, ಮಂದ್ (ಊರಿನ ಬಯಲು), ಅಂಬಲ (ಊರವರು ಸೇರುವ ಜಾಗ) ಎಲ್ಲವೂ ಇರಲಿ. ಹೊರಗಿನ ಓದುಗರಿಗಾಗಿ ಮೊದಲ ಸಲ ಬಂದಲ್ಲಿ ನಾಲ್ಕು ಪದದಲ್ಲಿ ಅರ್ಥ ಹೇಳಿ, ಮುಂದೆ ಪದವನ್ನೇ ಬಳಸಿ.

ಇಂಗ್ಲಿಷ್ ಕೈಪಿಡಿ ಕೈಗೆ ಸಿಕ್ಕರೆ

ತೋಟದ ಬಂಗಲೆ, ಕಾಲೇಜುಗಳ ಹಳೆಯ ಕಪಾಟಿನಲ್ಲಿ ಇಂಗ್ಲಿಷ್ ಬರವಣಿಗೆ ಪುಸ್ತಕಗಳೂ ಸಿಗುತ್ತವೆ. 1918ರಲ್ಲಿ ಅಮೆರಿಕದ ಪ್ರಾಧ್ಯಾಪಕ ವಿಲಿಯಂ ಸ್ಟ್ರಂಕ್ ತಮ್ಮ ವಿದ್ಯಾರ್ಥಿಗಳಿಗೆಂದು ಅಚ್ಚುಹಾಕಿಸಿದ ಚಿಕ್ಕ ಕೈಪಿಡಿ ಅವುಗಳಲ್ಲಿ ಹೆಸರಾದದ್ದು. ಬೇಡದ ಪದ ಬಿಡಿ ಎಂಬ ಅದರ ನಿಯಮ ಯಾವ ಭಾಷೆಗೂ ಸಲ್ಲುತ್ತದೆ. ಒತ್ತು ಕೊಡಬೇಕಾದ ಪದವನ್ನು ವಾಕ್ಯದ ಕೊನೆಯಲ್ಲಿಡಿ ಎಂಬುದು ಮಾತ್ರ ಕನ್ನಡಕ್ಕೆ ಹಾಗೆಯೇ ಸಲ್ಲದು, ಏಕೆಂದರೆ ನಮ್ಮಲ್ಲಿ ಕೊನೆಯ ಜಾಗ ಕ್ರಿಯಾಪದದ್ದು. ಕನ್ನಡದಲ್ಲಿ ಒತ್ತು ಬೀಳುವುದು ಕ್ರಿಯಾಪದದ ಹಿಂದಿನ ಪದದ ಮೇಲೆ. ‘ಸಭೆ ಭಾನುವಾರ ಮಡಿಕೇರಿಯಲ್ಲಿ ನಡೆಯುತ್ತದೆ’ ಎಂದರೆ ಎಲ್ಲಿ ಎಂಬುದು ಮುಖ್ಯ. ‘ಸಭೆ ಮಡಿಕೇರಿಯಲ್ಲಿ ಭಾನುವಾರ ನಡೆಯುತ್ತದೆ’ ಎಂದರೆ ಯಾವಾಗ ಎಂಬುದು. ನಿಮ್ಮ ಪುಟದ ಹತ್ತು ವಾಕ್ಯಗಳಲ್ಲಿ ಕ್ರಿಯಾಪದದ ಹಿಂದಿನ ಪದಕ್ಕೆ ಅಡಿಗೆರೆ ಎಳೆದು ನೋಡಿ. ಹೇಳಹೊರಟದ್ದು ಅದೇ ಅಲ್ಲದಿದ್ದರೆ ಪದಗಳ ಜಾಗ ಬದಲಿಸಿ.

ಮರುಬರಹದ ಅಭ್ಯಾಸ

ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ತಾನು ಅನುಸರಿಸಿದ್ದೆಂದು ಆತ್ಮಕಥೆಯಲ್ಲಿ ಹೇಳಿಕೊಂಡ ರೀತಿ ಇದು. ಕನ್ನಡಕ್ಕೂ ಚೆನ್ನಾಗಿ ಒಗ್ಗುತ್ತದೆ. ಒಳ್ಳೆಯ ಗದ್ಯದ 150 ಪದಗಳ ಒಂದು ಭಾಗ ಆರಿಸಿ. 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರ ಕತೆಗಳ ಗದ್ಯ ತಿಳಿಯಾಗಿದೆ, ಇದಕ್ಕೆ ಹೇಳಿ ಮಾಡಿಸಿದಂತಿದೆ. ಪ್ರತಿ ವಾಕ್ಯಕ್ಕೆ ಎರಡು ಮೂರು ಪದದ ಸುಳಿವು ಬರೆದುಕೊಳ್ಳಿ. ಪುಸ್ತಕ ಮುಚ್ಚಿಟ್ಟು ನಾಲ್ಕು ದಿನ ಬಿಡಿ. ಆಮೇಲೆ ಸುಳಿವಿನಿಂದ ಇಡೀ ಭಾಗವನ್ನು ನಿಮ್ಮ ಮಾತಿನಲ್ಲಿ ಬರೆದು, ಮೂಲದ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಮಾರನೇ ದಿನವೇ ಬರೆದರೆ ನೆನಪಿನಿಂದ ನಕಲಾಗುತ್ತದೆ, ಕಲಿತದ್ದೇನೂ ಇರುವುದಿಲ್ಲ. ಸುಳಿವು ತೀರಾ ಉದ್ದವಾದರೂ ಅದೇ ತೊಂದರೆ. ಮುಂದಿನ ಸಲ ಸುಳಿವುಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಎರಡು ವಾರ ಬಿಟ್ಟು, ಕ್ರಮ ನೀವೇ ಹೊಂದಿಸಿ. ಅಪಕ್ರಮ ಹೋಗಲಾಡಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಪುಸ್ತಕದ ಆರೈಕೆ

ಹಳೆಯ ಕಾಗದಕ್ಕೆ ಕೊಡಗಿನ ಜೂನ್–ಸೆಪ್ಟೆಂಬರ್ ಕಠಿಣ ಕಾಲ. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಪುಸ್ತಕ ಇಡಬೇಡಿ, ಗೋಡೆಯ ತೇವ ನೇರವಾಗಿ ಬೈಂಡಿಂಗ್‌ಗೆ ಇಳಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವವೇ ಬೂಷ್ಟು ಹಿಡಿಸುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಗಾಳಿಯಾಡುವ ನೆರಳಿನಲ್ಲಿ ಪುಟ ಬಿಡಿಸಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಕುಂಚದಿಂದ ಮನೆಯ ಹೊರಗೆ ಒರೆಸಿ. ಬಿಸಿಲಿಗೆ ಹಾಕಿದರೆ ಪುಟ ಸುರುಳಿ ಸುತ್ತಿ ಮುರಿಯುತ್ತದೆ. ಹರಿದ ಪುಟಕ್ಕೆ ಸೆಲೋಟೇಪ್ ಬೇಡ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೇ ಮುಚ್ಚುತ್ತದೆ. ತೆಳುವಾದ ಕಾಗದದ ಪಟ್ಟಿಯನ್ನು ಮೈದಾ ಗಂಜಿಯಲ್ಲಿ ಅಂಟಿಸಿ, ಮೇಲೆ ಭಾರವಿಟ್ಟು ಒಂದು ರಾತ್ರಿ ಬಿಡಿ; ಗಂಜಿ ಹುಳುವನ್ನು ಕರೆಯುವುದರಿಂದ ಆದಷ್ಟು ಕಡಿಮೆ ಹಚ್ಚಿ.

ಬೈಂಡಿಂಗ್ ಸಡಿಲವಾದ ಪುಸ್ತಕವನ್ನು ದಿನವೂ ಬಿಡಿಸಬೇಡಿ. ಆ ವಾರದ ನಿಯಮವಿರುವ ಪುಟಗಳನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದುಕೊಂಡು ಅದರಿಂದಲೇ ಓದಿ. ಚಿತ್ರಕ್ಕೆ ಪುಸ್ತಕದ ಹೆಸರು, ಪುಟಸಂಖ್ಯೆ ಕೊಡಿ. ನೋಟ್‌ಬುಕ್ಕಿನ ಎಡಪುಟದಲ್ಲಿ ಸೂತ್ರದ ಪಕ್ಕಕ್ಕೂ ಅದೇ ಪುಟಸಂಖ್ಯೆ ಬರೆದಿಡಿ.